ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ಮಕ್ಕಳ ಮೇಲಿನ ಪ್ರೀತಿಯೊಂದೇ ಸಾಕೇ?

ಲೆಕ್ಕಪತ್ರದವಳು

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಕೆಲಸ ಬಿಟ್ಟು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಬೇಕೆಂಬ ಆಸೆ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದು, ಈಗ ಅದು ಗಟ್ಟಿಯಾದ ನಿರ್ಧಾರವಾಗುವ ಹಂತಕ್ಕೆ ಬಂದಿದೆ. ಅರ್ಹತೆ, ಪ್ರವೇಶ, ನೇಮಕಾತಿಯ ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಅವನ್ನು ನಾನೇ ವಿಚಾರಿಸಿಕೊಳ್ಳುತ್ತೇನೆ. ಇಲ್ಲಿ ಕೇಳಬೇಕಾದದ್ದು ಬೇರೆ.

ವಿಷಯ ತಿಳಿಸಿದಾಗಲೆಲ್ಲ ಮನೆಯವರೂ ಸ್ನೇಹಿತರೂ ಹೇಳುವುದು ಒಂದೇ ಮಾತು: "ನಿನಗೆ ಮಕ್ಕಳೆಂದರೆ ಪ್ರೀತಿ, ತಾಳ್ಮೆಯೂ ಇದೆ, ಎರಡನೇ ತರಗತಿಯ ಪಾಠ ಹೇಳುವುದು ಏನು ಮಹಾ ಕೆಲಸ?" ಈ ಮಾತು ನನಗೆ ಸಮಾಧಾನ ಕೊಡುವ ಬದಲು ಅಳುಕು ಹುಟ್ಟಿಸುತ್ತಿದೆ. ನಿಜವಾಗಿಯೂ ಅಷ್ಟೇ ಸಾಕಾಗುವುದಾದರೆ ತರಬೇತಿಗೆ ವರ್ಷಗಟ್ಟಲೆ ಸಮಯ ಏಕೆ ಬೇಕು? ಕೂಡುವುದು, ಕಳೆಯುವುದು ನನಗೆ ನಿತ್ಯದ ಕೆಲಸ. ಅದನ್ನು ಕಲಿಸಲು ಇನ್ನೇನು ತಿಳಿದಿರಬೇಕು? ಈ ವೃತ್ತಿಯಲ್ಲಿ ಇರುವವರು, ಇದ್ದವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಬೇಕು.

ಹಿರಿಯ ಶಿಕ್ಷಕಿ

ನಿಮ್ಮ ಅಳುಕು ಸರಿಯಾದ ಜಾಗದಲ್ಲೇ ಇದೆ ಮೇಡಂ. ಪ್ರೀತಿ ಬೇಕು, ತಾಳ್ಮೆಯೂ ಬೇಕು. ಆದರೆ ಓದಲು ಬಾರದ ಮಗುವಿಗೆ ಪ್ರೀತಿಯಿಂದಷ್ಟೇ ಓದು ಬರುವುದಿಲ್ಲ. ಆ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಾಣದ ಶಿಕ್ಷಕರು ಎಷ್ಟೇ ಒಳ್ಳೆಯವರಾದರೂ ಮಗು ಅಲ್ಲೇ ಉಳಿಯುತ್ತದೆ. ನನ್ನ ಅನುಭವದಲ್ಲಿ ಈ ವೃತ್ತಿಯ ತಿರುಳು ಇರುವುದು ಮಗು ಹೇಗೆ ಯೋಚಿಸುತ್ತಿದೆ ಎಂಬುದನ್ನು ಅದರ ಮಾತಿನಿಂದ, ಬರವಣಿಗೆಯಿಂದ, ಮೌನದಿಂದ ಓದುವುದರಲ್ಲಿ. ಉಳಿದದ್ದೆಲ್ಲ ಅದರ ಸುತ್ತ ಬೆಳೆಯುತ್ತದೆ.

ನೀವು ಲೆಕ್ಕ ಬಲ್ಲವರು, ಆದ್ದರಿಂದ ಲೆಕ್ಕದ ಉದಾಹರಣೆಯನ್ನೇ ಕೊಡುತ್ತೇನೆ. 70ರಲ್ಲಿ 24 ಕಳೆಯಲು ಹೇಳಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಮಗು 54 ಎಂದು ಬರೆದಿದೆ, ಇನ್ನೊಂದು 56 ಎಂದು ಬರೆದಿದೆ. ಸರಿಯುತ್ತರ 46. ಕೆಂಪು ಶಾಯಿಯಲ್ಲಿ ಎರಡಕ್ಕೂ ತಪ್ಪು ಎಂದು ಗುರುತು ಹಾಕಿ, "ಗಮನವಿಟ್ಟು ಮಾಡು" ಎಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ ಮೊದಲ ಮಗು ಬಿಡಿಸ್ಥಾನದಲ್ಲಿ ಸೊನ್ನೆಯಿಂದ ನಾಲ್ಕನ್ನು ಕಳೆಯಲಾಗದು ಎಂದು ನಾಲ್ಕರಿಂದ ಸೊನ್ನೆಯನ್ನು ಕಳೆದಿದೆ. ಅಂದರೆ ಮೇಲೆ ಇರಲಿ, ಕೆಳಗೆ ಇರಲಿ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕು ಎಂಬುದು ಅದರ ನಿಯಮ. ಈ ನಿಯಮ ಅದಕ್ಕೆ ಬಂದದ್ದಾದರೂ ಎಲ್ಲಿಂದ? ಒಂದನೇ ತರಗತಿಯಲ್ಲಿ ನಾವೇ "ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದು" ಎಂದು ಹೇಳಿಕೊಟ್ಟಿರುತ್ತೇವೆ. ಎರಡನೆಯ ಮಗು ಹತ್ತರ ಸ್ಥಾನದಿಂದ ಒಂದು ಹತ್ತನ್ನು ತಂದಿದೆ, ಹತ್ತರಲ್ಲಿ ನಾಲ್ಕು ಕಳೆದು ಆರು ಬರೆದಿದೆ, ಆದರೆ ಏಳು ಹತ್ತುಗಳಲ್ಲಿ ಒಂದು ಕಡಿಮೆಯಾಯಿತೆಂಬುದನ್ನು ಬಿಟ್ಟಿದೆ. ಮೊದಲನೆಯದಕ್ಕೆ ಸ್ಥಾನಬೆಲೆಯ ಕಲ್ಪನೆಯೇ ಕೂತಿಲ್ಲ. ಎರಡನೆಯದು ದಾರಿ ತಿಳಿದು ಅರ್ಧದಲ್ಲಿ ನಿಂತಿದೆ. ಒಂದಕ್ಕೆ ಕಡ್ಡಿಯ ಕಟ್ಟುಗಳನ್ನು ಕೈಗೆ ಕೊಟ್ಟು, ಹತ್ತರ ಕಟ್ಟನ್ನು ಬಿಚ್ಚಿ ಹತ್ತು ಬಿಡಿಗಳಾಗುವುದನ್ನು ಹಲವು ಸಲ ಮಾಡಿಸಬೇಕು. ಇನ್ನೊಂದಕ್ಕೆ ಬಿಚ್ಚಿದ ಮೇಲೆ ಎಷ್ಟು ಕಟ್ಟುಗಳು ಉಳಿದವು ಎಂದು ಎಣಿಸಿ ಬರೆಯಲು ಹೇಳಿದರೆ ಸಾಕಾಗಬಹುದು.

ಇದು ನನ್ನೊಬ್ಬಳ ಊಹೆಯಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮಕ್ಕಳು ಕಳೆಯುವ ಲೆಕ್ಕದಲ್ಲಿ ಮಾಡುವ ತಪ್ಪುಗಳಲ್ಲಿ ಬಹಳಷ್ಟು ಅಜಾಗರೂಕತೆಯಿಂದ ಬಂದವಲ್ಲ, ಮಗು ನಂಬಿ ಅನುಸರಿಸುವ ಒಂದು ತಪ್ಪು ಕ್ರಮದಿಂದ ಬಂದವು ಎಂದು ತೋರಿಸಿದರು. ತಪ್ಪಿನಲ್ಲಿ ಕ್ರಮವಿದೆ ಎಂದಾದರೆ ಅದನ್ನು ಹುಡುಕಬಹುದು, ತಿದ್ದಲೂಬಹುದು.

ಲೆಕ್ಕಪತ್ರದವಳು

ಧನ್ಯವಾದಗಳು ಮೇಡಂ. 54 ಮತ್ತು 56ರ ನಡುವೆ ಇಷ್ಟು ಅಂತರವಿದೆ ಎಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ಎರಡನ್ನೂ ಅಜಾಗರೂಕತೆ ಎಂದೇ ತಿಳಿಯುತ್ತಿದ್ದೆ. ಹಾಗಾದರೆ ಇದು ತರಬೇತಿಯಲ್ಲಿ ಕಲಿಸುವ ವಿಷಯವೇ, ಅಥವಾ ತರಗತಿಯಲ್ಲಿ ವರ್ಷಗಟ್ಟಲೆ ಇದ್ದು ತಾನಾಗಿ ಬರುವ ಕಣ್ಣೇ?

ಶಿಕ್ಷಕರ ಪ್ರಶಿಕ್ಷಕ

ನಾನು ಶಿಕ್ಷಕರಾಗಲು ಬರುವವರಿಗೆ ಪಾಠ ಹೇಳುವವನು, ಆದ್ದರಿಂದ ಈ ಪ್ರಶ್ನೆಗೆ ಉತ್ತರಿಸಬೇಕೆನಿಸಿತು. ತಾನಾಗಿ ಬರುವುದಿಲ್ಲ. ವರ್ಷಗಟ್ಟಲೆ ಪಾಠ ಮಾಡಿಯೂ ಆ ಕಣ್ಣು ತೆರೆಯದವರಿದ್ದಾರೆ, ತರಬೇತಿಯ ಅವಧಿಯಲ್ಲೇ ತೆರೆದುಕೊಂಡವರೂ ಇದ್ದಾರೆ.

ನಮ್ಮ ವೃತ್ತಿಗೆ ಒಂದು ವಿಚಿತ್ರವಾದ ತೊಡಕಿದೆ. ವೈದ್ಯಕೀಯ ಕಲಿಯಲು ಬರುವವರು ಶಸ್ತ್ರಚಿಕಿತ್ಸೆಯ ಕೋಣೆಯನ್ನು ಮೊದಲು ನೋಡಿರುವುದಿಲ್ಲ. ಶಿಕ್ಷಕರಾಗಲು ಬರುವವರಾದರೋ ಬಾಲ್ಯವಿಡೀ ತರಗತಿಯಲ್ಲೇ ಕಳೆದಿರುತ್ತಾರೆ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದನ್ನು ನೋಡಿ ನೋಡಿ ಕೆಲಸ ಕಲಿಯುವ ಶಿಷ್ಯತನ ಎಂಬ ಅರ್ಥದಲ್ಲಿ ವಿವರಿಸಿ, ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆಗಳ ಕಾಲ ಶಿಕ್ಷಕರ ಎದುರು ಇದ್ದಿರುತ್ತಾನೆ ಎಂದು ಲೆಕ್ಕ ಹಾಕಿದರು. ಆದರೆ ವಿದ್ಯಾರ್ಥಿಗೆ ಕಂಡದ್ದು ಶಿಕ್ಷಕರ ಮಾತು, ಕಪ್ಪುಹಲಗೆ, ಗದರಿಕೆ, ಮೆಚ್ಚುಗೆ. ಈ ಪ್ರಶ್ನೆಯನ್ನು ಏಕೆ ಕೇಳಿದರು, ಆ ಮಗುವನ್ನೇ ಏಕೆ ಎಬ್ಬಿಸಿದರು, ನಾಳೆಯ ಪಾಠವನ್ನು ಇವತ್ತು ಸಂಜೆ ಏಕೆ ಬದಲಾಯಿಸಿದರು ಎಂಬುದು ಅವನಿಗೆ ಕಾಣುವುದಿಲ್ಲ. ಹೀಗಾಗಿ ಈ ಕೆಲಸ ತನಗೆ ಗೊತ್ತು ಎಂಬ ನಂಬಿಕೆಯೊಂದಿಗೇ ಎಲ್ಲರೂ ಬರುತ್ತಾರೆ, ಒತ್ತಡ ಬಂದಾಗ ತಮಗೆ ಪಾಠ ಹೇಳಿದವರು ಮಾಡಿದ್ದನ್ನೇ ಮಾಡುತ್ತಾರೆ. ಒಳ್ಳೆಯ ತರಬೇತಿಯು ಮೊದಲು ಈ ನಂಬಿಕೆಯನ್ನು ಅಲುಗಾಡಿಸುತ್ತದೆ.

ಇನ್ನು ವಿಷಯಜ್ಞಾನ. ಲೀ ಶುಲ್‌ಮನ್ 1986ರಲ್ಲಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಮುಂದಿಟ್ಟರು: ವಿಷಯವನ್ನು ತಾನು ತಿಳಿದಿರುವುದು ಬೇರೆ, ಅದನ್ನು ಕಲಿಯುವವನಿಗೆ ತಿಳಿಯುವಂತೆ ಮಾಡಲು ಬೇಕಾದ ಜ್ಞಾನ ಬೇರೆ. ಯಾವ ಉದಾಹರಣೆ ಮೊದಲು ಬರಬೇಕು, ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ, ಯಾವ ಚಿತ್ರ ದಾರಿ ತಪ್ಪಿಸುತ್ತದೆ ಎಂಬುದೆಲ್ಲ ಎರಡನೆಯ ಬಗೆಗೆ ಸೇರಿದ್ದು.

ನೀವು ಲೆಕ್ಕಪತ್ರದವರಾದ್ದರಿಂದ ಒಂದು ಪ್ರಶ್ನೆ ಕೇಳುತ್ತೇನೆ, ಮುಂದೆ ಓದುವ ಮೊದಲು ಪ್ರಯತ್ನಿಸಿ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಬೇಕು. ಉತ್ತರ ಬೇಗ ಬರುತ್ತದೆ. ಆದರೆ ಮಕ್ಕಳಿಗಾಗಿ ಈ ಭಾಗಾಕಾರಕ್ಕೆ ಒಪ್ಪುವ ಒಂದು ಸಣ್ಣ ಕಥೆ ಹೆಣೆಯಿರಿ. ಲಿಪಿಂಗ್ ಮಾ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರ ಮುಂದೆ ಇದೇ ಪ್ರಶ್ನೆಯನ್ನು ಇಡಲಾಗಿತ್ತು. ಚೀನಾದವರೆಲ್ಲರೂ ಸರಿಯಾಗಿ ಲೆಕ್ಕ ಮಾಡಿದರು, ಅವರಲ್ಲಿ ಹೆಚ್ಚಿನವರು ಕಥೆಯನ್ನೂ ಸರಿಯಾಗಿ ಹೇಳಿದರು. ಅಮೆರಿಕದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಸರಿಯುತ್ತರ ತಲುಪಿದರು. ಕಥೆಯಂತೂ ಬಹುತೇಕರಿಗೆ ಕೈಕೊಟ್ಟಿತು. ಹಲವರು ಹೇಳಿದ್ದು ಒಂದೂಮುಕ್ಕಾಲನ್ನು ಇಬ್ಬರಿಗೆ ಸಮನಾಗಿ ಹಂಚುವ ಕಥೆ. ಅದು ಎರಡರಿಂದ ಭಾಗಿಸಿದಂತಾಯಿತು, ಅರ್ಧದಿಂದಲ್ಲ. ವಿಶೇಷವೆಂದರೆ, ಓದಿದ ವರ್ಷಗಳನ್ನು ಎಣಿಸಿದರೆ ಅಮೆರಿಕದ ಆ ಶಿಕ್ಷಕರೇ ಹೆಚ್ಚು ಓದಿದವರಾಗಿದ್ದರು. ಪ್ರಾಥಮಿಕ ಗಣಿತ ಸುಲಭವೆಂದು ಹೇಳುವವರಿಗೆಲ್ಲ ಈ ಒಂದು ಲೆಕ್ಕವನ್ನು ಕೊಟ್ಟು ನೋಡಬೇಕೆಂದು ನನಗೆ ಅನೇಕ ಸಲ ಅನಿಸಿದೆ.

ಲೆಕ್ಕಪತ್ರದವಳು

ಪ್ರಯತ್ನಿಸಿದೆ ಸರ್. ಉತ್ತರ ಮೂರೂವರೆ ಎಂದು ಕೂಡಲೇ ಬಂತು. ಕಥೆಗೆ ಮಾತ್ರ ತುಂಬಾ ಹೊತ್ತು ಹಿಡಿಯಿತು. ಒಂದೂಮುಕ್ಕಾಲು ಮೀಟರ್ ಬಟ್ಟೆಯಿಂದ ಅರ್ಧ ಮೀಟರಿನ ತುಂಡುಗಳನ್ನು ಕತ್ತರಿಸಿದರೆ ಎಷ್ಟು ತುಂಡುಗಳಾಗುತ್ತವೆ ಎಂದು ಬರೆದಿದ್ದೇನೆ. ಸರಿಯಿದೆಯೇ?

ಶಿಕ್ಷಕರ ಪ್ರಶಿಕ್ಷಕ

ಸರಿಯಿದೆ. ಈಗ ಮಕ್ಕಳ ಮುಂದಿನ ಪ್ರಶ್ನೆಗೆ ಸಿದ್ಧರಾಗಿ: ಮೂರು ತುಂಡು ಕತ್ತರಿಸಿದ ಮೇಲೆ ಕಾಲು ಮೀಟರ್ ಉಳಿಯುತ್ತದೆ, ಹಾಗಾದರೆ ಉತ್ತರ ಮೂರೂಕಾಲು ಏಕಲ್ಲ? ಉಳಿದ ಕಾಲು ಮೀಟರನ್ನು ಮೀಟರಿನಿಂದ ಅಳೆಯಬೇಕೋ, ತುಂಡಿನಿಂದ ಅಳೆಯಬೇಕೋ ಎಂಬುದರಲ್ಲಿ ಇಡೀ ಪಾಠ ಅಡಗಿದೆ. ಕಾಲು ಮೀಟರ್ ಎಂದರೆ ಅರ್ಧ ತುಂಡು ಎಂದು ಮಕ್ಕಳೇ ಕಂಡುಕೊಂಡರೆ, ಕೆಳಗಿನ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸುವ ಸೂತ್ರ ಅವರಿಗೆ ಮುಂದೆ ಅರ್ಥವಿಲ್ಲದ ಮಂತ್ರವಾಗಿ ಉಳಿಯುವುದಿಲ್ಲ.

ಎರಡನೇ ತರಗತಿ ಮೇಷ್ಟ್ರು

ದೊಡ್ಡವರ ಮಾತನ್ನು ಒಪ್ಪುತ್ತೇನೆ. ಆದರೂ ಈ ವೃತ್ತಿಗೆ ಬಂದು ಹೆಚ್ಚು ಕಾಲವಾಗದ ನನ್ನಂಥವನ ಕಡೆಯಿಂದಲೂ ಒಂದು ಮಾತಿದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಯೋಚನೆಯನ್ನು ಓದುವಷ್ಟು ಬಿಡುವೇ ಸಿಗುವುದಿಲ್ಲ. ಒಬ್ಬನ ಪೆನ್ಸಿಲ್ ಮುರಿದಿರುತ್ತದೆ, ಇಬ್ಬರು ಜಾಗಕ್ಕಾಗಿ ತಳ್ಳಾಡುತ್ತಿರುತ್ತಾರೆ, ಒಬ್ಬಳು ಲೆಕ್ಕ ಮುಗಿಸಿ ಸುಮ್ಮನೆ ಕೂತಿರುತ್ತಾಳೆ, ಒಬ್ಬ ಇನ್ನೂ ಪುಸ್ತಕವನ್ನೇ ತೆಗೆದಿರುವುದಿಲ್ಲ. ಇದನ್ನು ನಿಭಾಯಿಸಲು ಬಾರದಿದ್ದರೆ ಎಷ್ಟು ಆಳವಾದ ಪಾಠಯೋಜನೆ ಬರೆದುಕೊಂಡು ಹೋದರೂ ಅದು ಕೈಚೀಲದಲ್ಲೇ ಉಳಿಯುತ್ತದೆ.

ಜೇಕಬ್ ಕೌನಿನ್ ಎಂಬ ಮನೋವಿಜ್ಞಾನಿ ತರಗತಿಗಳ ವಿಡಿಯೋಗಳನ್ನು ನೋಡಿ 1970ರಲ್ಲಿ ಹೇಳಿದ ವಿಷಯ ನನಗೆ ಬಹಳ ಉಪಯೋಗಕ್ಕೆ ಬಂತು. ಶಾಂತವಾಗಿ ನಡೆಯುವ ತರಗತಿಗೂ ಗದ್ದಲದ ತರಗತಿಗೂ ಇರುವ ವ್ಯತ್ಯಾಸ, ತಪ್ಪು ಮಾಡಿದ ಮಕ್ಕಳನ್ನು ಶಿಕ್ಷಕರು ಗದರುವ ರೀತಿಯಲ್ಲಿ ಅವರಿಗೆ ಕಾಣಲಿಲ್ಲ. ಅದು ಕಂಡದ್ದು ಗದ್ದಲ ಹುಟ್ಟುವ ಮೊದಲೇ ಶಿಕ್ಷಕರು ಮಾಡುವ ಕೆಲಸಗಳಲ್ಲಿ: ಇಡೀ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂಬ ಅರಿವು ತಮಗಿದೆಯೆಂದು ಮಕ್ಕಳಿಗೆ ಗೊತ್ತಾಗುವಂತೆ ಇರುವುದು, ಒಂದು ಗುಂಪಿನೊಂದಿಗೆ ಮಾತನಾಡುತ್ತಲೇ ಇನ್ನೊಂದರ ಮೇಲೆ ಕಣ್ಣಿಡುವುದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗುವುದು.

ಈ ಕೊನೆಯದು ಕೇಳಲು ಸಣ್ಣದು, ಮಾಡಲು ಸಣ್ಣದಲ್ಲ. ಹಾಳೆಗಳನ್ನು ಹಂಚಿದ ಮೇಲೆ ಏನು ಮಾಡಬೇಕೆಂದು ಹೇಳಲು ಹೊರಟರೆ ಯಾರೂ ಕೇಳುವುದಿಲ್ಲ, ಏಕೆಂದರೆ ಹಾಳೆ ಕೈಗೆ ಬಂದ ಕೂಡಲೇ ಗಮನವೆಲ್ಲ ಅದರ ಮೇಲಿರುತ್ತದೆ. ಮೊದಲು ಹೇಳಬೇಕು, ಒಂದು ಮಗುವಿನಿಂದ ಅದನ್ನು ಮರಳಿ ಹೇಳಿಸಬೇಕು, ಬೇಗ ಮುಗಿಸಿದವರು ಮುಂದೇನು ಮಾಡಬೇಕೆಂಬುದನ್ನೂ ಸೇರಿಸಬೇಕು, ಆಮೇಲೆ ಹಂಚಬೇಕು. ಇಷ್ಟು ಕ್ರಮ ಕೂತ ಮೇಲೆ ನನ್ನ ತರಗತಿಯಲ್ಲಿ ದನಿ ಏರಿಸುವ ಅಗತ್ಯವೇ ಬಹುಪಾಲು ಹೋಯಿತು, ಮಕ್ಕಳ ಪಕ್ಕ ಕೂತು ನೋಡಲು ಬಿಡುವೂ ಸಿಕ್ಕಿತು.

ಹಿರಿಯ ಶಿಕ್ಷಕಿ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅದನ್ನು ಮೊದಲೇ ಹೇಳಬೇಕಿತ್ತು. ತರಗತಿ ನಿಭಾಯಿಸುವುದು ಎಂದರೆ ಮಕ್ಕಳನ್ನು ಸುಮ್ಮನಿರಿಸುವುದು ಎಂದು ಮಾತ್ರ ಹೊಸಬರು ತಿಳಿಯಬಾರದು. ಅದು ಮಗುವಿನ ಪಕ್ಕ ಕೂರಲು ಸಮಯ ಗಳಿಸಿಕೊಳ್ಳುವ ಉಪಾಯ.

ನಿವೃತ್ತ ಮುಖ್ಯೋಪಾಧ್ಯಾಯ

ಹೊಸದಾಗಿ ಬರುವವರ ಪಾಠಗಳನ್ನು ತರಗತಿಯ ಹಿಂದೆ ಕೂತು ನೋಡುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಆಗ ನಾನು ಮೊದಲು ಗಮನಿಸುತ್ತಿದ್ದದ್ದು ಪ್ರಶ್ನೆ ಕೇಳಿದ ಮೇಲೆ ಅವರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು. ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಾರೆ. ಮೂರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು, ಎಂದೂ ಬಾಯಿ ತೆರೆಯದವರೂ ಮಾತನಾಡತೊಡಗಿದರು. ಮೂರು ಸೆಕೆಂಡ್ ಎಂದರೆ ಏನು ಮಹಾ ಎನಿಸಬಹುದು. ಮೂವತ್ತು ಜೊತೆ ಕಣ್ಣುಗಳು ನಿಮ್ಮನ್ನೇ ನೋಡುತ್ತಿರುವಾಗ ಆ ಮೌನವನ್ನು ತಡೆದುಕೊಳ್ಳಲು ಅಭ್ಯಾಸ ಬೇಕು.

ಇಲ್ಲಿ ಲೆಕ್ಕದ ಮಾತೇ ಹೆಚ್ಚಾಯಿತು. ಓದಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಚಿಕ್ಕ ತರಗತಿಗಳಲ್ಲಿ ಅದಕ್ಕಿಂತ ದೊಡ್ಡ ಜವಾಬ್ದಾರಿ ಇನ್ನೊಂದಿಲ್ಲ. ಮಗು ಪಾಠವನ್ನು ಗಟ್ಟಿಯಾಗಿ, ತಡವರಿಸದೆ ಓದುತ್ತಿದೆ ಎಂದ ಮಾತ್ರಕ್ಕೆ ಅದಕ್ಕೆ ಓದು ಬಂದಿದೆ ಎಂದು ನಂಬಬೇಡಿ. ಚಿತ್ರವನ್ನು ಕೈಯಿಂದ ಮುಚ್ಚಿ, ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿ. ಕೆಲವು ಮಕ್ಕಳು ಸಾಲಿನ ಆರಂಭಕ್ಕೆ ಹಿಂದಿರುಗಿ, ತುಟಿಯಲ್ಲೇ ಗುನುಗುತ್ತ ಆ ಪದದವರೆಗೆ ಬಂದು ಉತ್ತರ ಹೇಳುತ್ತಾರೆ. ಅಂಥ ಮಗುವಿಗೆ ಪಾಠ ಬಾಯಿಪಾಠವಾಗಿದೆ ಅಷ್ಟೇ. ಇನ್ನು ಕೆಲವರು ಪ್ರತಿ ಅಕ್ಷರವನ್ನೂ ಗುರುತಿಸುತ್ತಾರೆ, ಒತ್ತಕ್ಷರ ಬಂದ ಕಡೆ ಮಾತ್ರ ನಿಲ್ಲುತ್ತಾರೆ. ಮತ್ತೆ ಕೆಲವರು ಎಲ್ಲವನ್ನೂ ಸರಿಯಾಗಿ ಓದಿ ಮುಗಿಸುತ್ತಾರೆ, ಏನು ಓದಿದೆ ಎಂದರೆ ಮುಖ ನೋಡುತ್ತಾರೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿಯು 2000ದಲ್ಲಿ ಕೊಟ್ಟ ವರದಿಯು ಮಾತಿನ ಧ್ವನಿಗಳ ಅರಿವು, ಅಕ್ಷರ ಮತ್ತು ಧ್ವನಿಯ ಸಂಬಂಧ, ಸರಾಗತೆ, ಶಬ್ದಸಂಪತ್ತು, ಅರ್ಥಗ್ರಹಿಕೆ ಎಂಬ ಐದು ಅಂಶಗಳನ್ನು ಬಿಡಿಸಿ ಹೇಳಿತು. ಅದು ಇಂಗ್ಲಿಷ್ ಓದಿನ ಸಂಶೋಧನೆಗಳನ್ನು ಆಧರಿಸಿದ್ದಾದರೂ, ಓದು ಬಾರದು ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿವೆ ಎಂಬುದು ಯಾವ ಭಾಷೆಯ ಶಿಕ್ಷಕರಿಗೂ ಉಪಯೋಗಕ್ಕೆ ಬರುವ ತಿಳಿವಳಿಕೆ.

ಒಂದು ಚಿಕ್ಕ ಸಲಹೆ: ದನಿಯನ್ನು ಕಾಪಾಡಿಕೊಳ್ಳಿ. ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಶಿಕ್ಷಕರನ್ನು ಬಹಳ ಜನ ನೋಡಿದ್ದೇನೆ.

ಬಿಟ್ಟು ಬಂದವಳು

ನಾನು ಈ ವೃತ್ತಿಯಲ್ಲಿ ಕೆಲವು ವರ್ಷಗಳಿದ್ದು ಹೊರಬಂದವಳು, ಆದ್ದರಿಂದ ನನ್ನ ಮಾತನ್ನೂ ತೂಗಿ ನೋಡಿ. ಮಕ್ಕಳಿಂದ ನನಗೆ ಎಂದೂ ಬೇಸರವಾಗಲಿಲ್ಲ. ನಾನಿದ್ದ ಶಾಲೆಯಲ್ಲಿ ತರಗತಿ ತುಂಬಿ ತುಳುಕುತ್ತಿತ್ತು. ದಾಖಲೆ ಪುಸ್ತಕಗಳು, ವರದಿಗಳು, ತಿದ್ದಬೇಕಾದ ನೋಟ್‌ಬುಕ್‌ಗಳ ರಾಶಿ ಇವುಗಳ ನಡುವೆ, ಮೇಲೆ ಹೇಳಿದಂತೆ 54 ಮತ್ತು 56ರ ಅಂತರವನ್ನು ನೋಡಲು ಸಮಯವೇ ಇರಲಿಲ್ಲ. ಕಾಣದೆ ಹೋದದ್ದಕ್ಕಿಂತ, ಕಂಡೂ ಏನೂ ಮಾಡಲಾಗದೆ ಹೋದದ್ದು ನನ್ನನ್ನು ಹೆಚ್ಚು ನೋಯಿಸಿತು. ಸಹಾಯ ಕೇಳಿದರೆ ಅದನ್ನು ಅಸಾಮರ್ಥ್ಯವೆಂದು ತಿಳಿಯುವ ವಾತಾವರಣ ಅಲ್ಲಿತ್ತು.

ತರಗತಿಯ ಗಾತ್ರ ಮುಖ್ಯವಲ್ಲ, ಶಿಕ್ಷಕರ ಮನಸ್ಸೇ ಮುಖ್ಯ ಎಂದು ಹೇಳುವವರಿದ್ದಾರೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಲ್ಲಿ ಆರಂಭವಾದ ದೊಡ್ಡ ಪ್ರಯೋಗವೊಂದರಲ್ಲಿ ಚಿಕ್ಕ ಮಕ್ಕಳನ್ನು 13ರಿಂದ 17 ಮಕ್ಕಳ ತರಗತಿಗಳಿಗೂ 22ರಿಂದ 25 ಮಕ್ಕಳ ತರಗತಿಗಳಿಗೂ ಯಾದೃಚ್ಛಿಕವಾಗಿ ಹಂಚಿ ನೋಡಿದಾಗ, ಕಡಿಮೆ ಮಕ್ಕಳಿದ್ದ ತರಗತಿಯವರು ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು. ನನ್ನ ಪ್ರಕಾರ ಹೊಸಬರು ಶಾಲೆಯನ್ನು ಆಯ್ಕೆ ಮಾಡಿಕೊಳ್ಳುವ ಅವಕಾಶವಿದ್ದರೆ, ಸಂಬಳದ ಜೊತೆಗೆ ಇದನ್ನೂ ಕೇಳಬೇಕು: ತರಗತಿಯಲ್ಲಿ ಎಷ್ಟು ಮಕ್ಕಳಿರುತ್ತಾರೆ, ಮೊದಲ ವರ್ಷ ನನ್ನ ಪಾಠ ನೋಡಿ ಸಲಹೆ ಕೊಡುವವರು ಯಾರು, ಪಕ್ಕದ ತರಗತಿಯ ಶಿಕ್ಷಕರ ಜೊತೆ ಕೂತು ಪಾಠ ಯೋಜಿಸಲು ವೇಳಾಪಟ್ಟಿಯಲ್ಲಿ ಜಾಗವಿದೆಯೇ?

ಹಿರಿಯ ಶಿಕ್ಷಕಿ

ನಿಮ್ಮ ಮಾತು ಓದಿ ಮನಸ್ಸಿಗೆ ನೋವಾಯಿತು. ಕಾಣುವ ಕಣ್ಣಿರುವ ಶಿಕ್ಷಕರನ್ನೇ ಇಂಥ ಪರಿಸ್ಥಿತಿ ಹೊರಗೆ ಕಳುಹಿಸುತ್ತದೆ ಎಂಬುದು ನಮ್ಮ ವೃತ್ತಿಗೆ ಆಗುತ್ತಿರುವ ದೊಡ್ಡ ನಷ್ಟ. ಪ್ರಶ್ನೆ ಕೇಳಿದ ಮೇಡಂ ಅವರಿಗೆ ನನ್ನದೊಂದು ಸೇರ್ಪಡೆ ಇದೆ: ಎಲ್ಲ ನೋಟ್‌ಬುಕ್‌ಗಳನ್ನೂ ಒಂದೇ ಆಳದಲ್ಲಿ ತಿದ್ದಲು ಯಾರಿಂದಲೂ ಆಗುವುದಿಲ್ಲ. ದಿನಕ್ಕೆ ನಾಲ್ಕೈದು ಮಕ್ಕಳ ನೋಟ್‌ಬುಕ್ಕನ್ನು ನಿಧಾನವಾಗಿ ನೋಡಿ, ಉಳಿದವನ್ನು ಮೇಲಿಂದ ನೋಡಿ. ಹೀಗೆ ಸರದಿಯಲ್ಲಿ ಹೋದರೆ ದೊಡ್ಡ ತರಗತಿಯಲ್ಲೂ ಪ್ರತಿ ಮಗುವಿನ ಯೋಚನೆ ಆಗಾಗ ಕಣ್ಣಿಗೆ ಬೀಳುತ್ತದೆ.

ಲೆಕ್ಕಪತ್ರದವಳು

ಬಿಟ್ಟು ಬಂದವರ ಮಾತನ್ನು ಎರಡೆರಡು ಸಲ ಓದಿದೆ, ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ನಿರ್ಧಾರ ಬದಲಾಗಿಲ್ಲ, ಆದರೆ ಶಾಲೆಯನ್ನು ನೋಡುವ ರೀತಿ ಬದಲಾಗಿದೆ. ಇನ್ನೆರಡು ಪ್ರಶ್ನೆಗಳಿವೆ. ನನ್ನ ವಯಸ್ಸಿನಲ್ಲಿ, ಬೇರೆ ವೃತ್ತಿಯಿಂದ ಬಂದು ಇದನ್ನು ಕಲಿಯುವುದು ಕಷ್ಟವೇ? ಪರಿಚಯದ ಶಾಲೆಯೊಂದರಲ್ಲಿ ಕೆಲವು ದಿನ ತರಗತಿಯಲ್ಲಿ ಕೂತು ನೋಡಲು ಅನುಮತಿ ಸಿಕ್ಕಿದೆ. ಅಲ್ಲಿ ಏನನ್ನು ನೋಡಬೇಕು?

ಶಿಕ್ಷಕರ ಪ್ರಶಿಕ್ಷಕ

ವಯಸ್ಸು ನಾನು ಕಂಡಂತೆ ತೊಡಕಲ್ಲ. ಬೇರೆ ವೃತ್ತಿಯಿಂದ ಬಂದವರು ಸಮಯಪಾಲನೆ, ಯೋಜನೆ, ಪೋಷಕರೊಂದಿಗೆ ಮಾತು ಇವುಗಳಲ್ಲಿ ಮುಂದಿರುತ್ತಾರೆ. ಅವರಿಗೆ ಕಷ್ಟವಾಗುವುದು ಇಪ್ಪತ್ತು ವರ್ಷ ಚಿಕ್ಕವರಾದ ಮಾರ್ಗದರ್ಶಕರ ಎದುರು ಪಾಠ ಮಾಡಿ, ಅವರ ಟೀಕೆಯನ್ನು ಸಮಾಧಾನದಿಂದ ಕೇಳಿಸಿಕೊಳ್ಳುವುದು. ಬೋಧನಾಭ್ಯಾಸದ ಅವಧಿಯಲ್ಲಿ ಅದು ಮತ್ತೆ ಮತ್ತೆ ನಡೆಯುತ್ತದೆ, ನಡೆಯಲೂಬೇಕು. ಒಂದೇ ಕೌಶಲವನ್ನು ಹಿಡಿದು ಕೆಲವು ನಿಮಿಷದ ಪಾಠ ಮಾಡಿ, ಅದನ್ನು ಚರ್ಚಿಸಿ, ತಿದ್ದಿ ಮತ್ತೆ ಮಾಡುವ ಸೂಕ್ಷ್ಮ ಬೋಧನೆ 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಇಂದಿಗೂ ಅನೇಕ ತರಬೇತಿಗಳಲ್ಲಿ ಅದು ಉಳಿದಿದೆ. ನೀವು ಸೇರುವ ಕಡೆ ಅದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸಿದರೆ, ಇಬ್ಬರು ಸಹಪಾಠಿಗಳನ್ನು ಕೂರಿಸಿಕೊಂಡು ನೀವೇ ಮಾಡಿಕೊಳ್ಳಿ.

ನೋಡುವ ವಿಷಯವನ್ನು ನಮ್ಮ ಹಿರಿಯ ಮೇಡಂ ನನಗಿಂತ ಚೆನ್ನಾಗಿ ಹೇಳಬಲ್ಲರು.

ಹಿರಿಯ ಶಿಕ್ಷಕಿ

ಮೊದಲನೆಯದಾಗಿ, ಹಿಂದಿನ ಬೆಂಚಿನಲ್ಲಿ ಕೂರಬೇಡಿ. ಅಲ್ಲಿಂದ ಶಿಕ್ಷಕರ ಮುಖ ಕಾಣುತ್ತದೆ, ಮಕ್ಕಳ ಬೆನ್ನು ಕಾಣುತ್ತದೆ. ಅದು ನೀವು ಬಾಲ್ಯದಲ್ಲಿ ನೋಡಿದ್ದೇ. ಅನುಮತಿ ಕೇಳಿ ಕೋಣೆಯ ಮುಂದೆ, ಒಂದು ಪಕ್ಕಕ್ಕೆ, ಮಕ್ಕಳ ಮುಖ ಕಾಣುವಂತೆ ಕೂತುಕೊಳ್ಳಿ. ಕೈ ಎತ್ತಿ ಉತ್ತರಿಸುವ ಮಕ್ಕಳನ್ನು ಬಿಟ್ಟು, ಗಲಾಟೆಯನ್ನೂ ಮಾಡದೆ ಉತ್ತರವನ್ನೂ ಹೇಳದೆ ಇರುವ ಒಂದು ಮಗುವನ್ನು ಆರಿಸಿಕೊಂಡು ಇಡೀ ಅವಧಿ ಅದನ್ನೇ ನೋಡಿ. ಶಿಕ್ಷಕರು ಪ್ರಶ್ನೆ ಕೇಳಿದಾಗ ಅದರ ಕಣ್ಣು ಎಲ್ಲಿಗೆ ಹೋಗುತ್ತದೆ, ಬರೆಯಲು ಹೇಳಿದಾಗ ಮೊದಲು ಪಕ್ಕದವರ ಪುಸ್ತಕ ನೋಡುತ್ತದೆಯೇ, ಅಳಿಸುವುದು ಹೆಚ್ಚೋ ಬರೆಯುವುದು ಹೆಚ್ಚೋ, ಎಲ್ಲವನ್ನೂ ಬರೆದುಕೊಳ್ಳಿ. "ಸೋಮಾರಿ", "ಚುರುಕು" ಎಂಬಂಥ ಪದಗಳನ್ನು ಬರೆಯಬೇಡಿ. ಕಂಡದ್ದನ್ನು ಮಾತ್ರ ಬರೆಯಿರಿ. ಮಕ್ಕಳ ಹೆಸರೂ ಬೇಡ.

ಪಾಠ ಮುಗಿದ ಮೇಲೆ ಶಿಕ್ಷಕರಿಗೆ ಬಿಡುವಿದ್ದರೆ, ಅವರು ಮಾಡಿದ ಯಾವುದಾದರೂ ಒಂದು ಕೆಲಸವನ್ನು ಹಿಡಿದು ಅದನ್ನು ಏಕೆ ಹಾಗೆ ಮಾಡಿದಿರಿ ಎಂದು ವಿನಯದಿಂದ ಕೇಳಿ. ಪ್ರಶಿಕ್ಷಕರು ಹೇಳಿದ ಆ ಕಾಣದ ಭಾಗ ಹೊರಗೆ ಬರುವುದು ಅಲ್ಲಿಯೇ.

ಶಿಕ್ಷಕರು ಒಪ್ಪಿದರೆ, ಮಕ್ಕಳು ಲೆಕ್ಕ ಮಾಡುವಾಗ ಒಬ್ಬರ ಪಕ್ಕ ಕೂತು "ಹೇಗೆ ಮಾಡಿದೆ, ನನಗೆ ಹೇಳು" ಎಂದು ಕೇಳಿ. ಉತ್ತರ ಸರಿಯಿದ್ದಾಗಲೂ ಕೇಳಿ, ಏಕೆಂದರೆ ತಪ್ಪಿದ್ದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ತಪ್ಪಿನ ಸೂಚನೆ ಎಂದು ಮಕ್ಕಳು ಎರಡೇ ದಿನದಲ್ಲಿ ತಿಳಿದುಕೊಂಡು, ಬಾಯಿ ತೆರೆಯುವ ಬದಲು ಅಳಿಸುವ ರಬ್ಬರ್ ಹುಡುಕುತ್ತಾರೆ. ಮಗು ಹೇಳುವಾಗ ನಡುವೆ ತಿದ್ದಬೇಡಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಂಡು ಬಂದು ಇಲ್ಲಿ ಹಾಕಿ, ಎಲ್ಲರೂ ಸೇರಿ ನೋಡೋಣ.